ನಾಮಿನಿಯಾದ ಮಾತ್ರಕ್ಕೆ ಹಣ ನಿಮ್ಮದಾಗುವುದಿಲ್ಲ

ಪ್ರಶ್ನೆ: ನನ್ನ ಪತಿಯ ಎಫ್‌ಡಿ, ಪಿಪಿಎಫ್, ಮ್ಯೂಚುವಲ್ ಫಂಡ್, ವಿಮಾ ಪಾಲಿಸಿ ಎಲ್ಲಕ್ಕೂ ನಾನೇ ನಾಮಿನಿ. ಅವರ ಕಾಲಾನಂತರ ಅದೆಲ್ಲವೂ ನನಗೇ ಸೇರುವುದರಿಂದ, ನನ್ನ ವೃದ್ಧಾಪ್ಯಕ್ಕೆಂದು ಪ್ರತ್ಯೇಕ ವ್ಯವಸ್ಥೆ ಬೇಕಿಲ್ಲ ಅಲ್ಲವೇ?

ಉತ್ತರ: ಬೇಕು. ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಓದುಬರಹ ಬಲ್ಲ, ಮನೆಯ ಲೆಕ್ಕವನ್ನು ಪೈಸೆ ಪೈಸೆಗೆ ಇಡಬಲ್ಲ ಹೆಣ್ಣುಮಕ್ಕಳೇ ಇದನ್ನು ಮತ್ತೆ ಕೇಳುವುದನ್ನು ನೋಡಿದರೆ, ನಾಮಿನಿ ಎಂದರೆ ಒಡತಿ ಎಂಬ ನಂಬಿಕೆ ಎಷ್ಟು ಆಳಕ್ಕೆ ಬೇರುಬಿಟ್ಟಿದೆ ಎಂಬುದು ತಿಳಿಯುತ್ತದೆ. ಆದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಕೂತವರ ಕೈಗೆ ಎಲ್ಲರ ಲಕೋಟೆಗಳೂ ಬರುತ್ತವೆ. ಹಾಗೆಂದು ಆ ಹಣ ಅವರದಾಗುವುದಿಲ್ಲ. ನಾಮಿನಿಯ ಸ್ಥಾನವೂ ಅಷ್ಟೇ. ಖಾತೆದಾರರು ತೀರಿಕೊಂಡಾಗ ಬ್ಯಾಂಕು ವಾರಸುದಾರರ ತಕರಾರನ್ನು ವಿಚಾರಣೆ ಮಾಡುತ್ತ ಕೂರಲಾಗದು. ಮರಣ ಪ್ರಮಾಣಪತ್ರವನ್ನೂ ನಾಮಿನಿಯ ಗುರುತಿನ ದಾಖಲೆಯನ್ನೂ ಪರಿಶೀಲಿಸಿ ಹಣ ಕೊಟ್ಟುಬಿಟ್ಟರೆ ಅದರ ಹೊಣೆ ಮುಗಿಯಿತು. ನಾಮಿನೇಶನ್ ಇರುವುದು ಈ ಅನುಕೂಲಕ್ಕೆ. ಹಣ ಕೊನೆಗೆ ಯಾರದು ಎಂಬುದನ್ನು ನಿರ್ಧರಿಸುವುದು ಉಯಿಲು; ಉಯಿಲು ಇಲ್ಲದಿದ್ದರೆ ಉತ್ತರಾಧಿಕಾರದ ಕಾನೂನು.

ಲೆಕ್ಕ ಹಾಕಿ ನೋಡೋಣ. ಪತಿಯ ಹೆಸರಿನಲ್ಲಿ 20 ಲಕ್ಷ ರೂಪಾಯಿಯ ಎಫ್‌ಡಿ ಇದೆ, ಪತ್ನಿ ನಾಮಿನಿ, ಉಯಿಲು ಬರೆದಿಲ್ಲ. ಮನೆಯಲ್ಲಿ ಪತ್ನಿ, ಒಬ್ಬ ಮಗ, ಒಬ್ಬ ಮಗಳು ಮತ್ತು ಪತಿಯ ತಾಯಿ ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಈ ನಾಲ್ವರೂ ಮೊದಲ ವರ್ಗದ ವಾರಸುದಾರರು. ತಲಾ ಒಂದು ಸಮಪಾಲು. ಬ್ಯಾಂಕು 20 ಲಕ್ಷವನ್ನೂ ಪತ್ನಿಯ ಕೈಗೆ ಕೊಡುತ್ತದೆ, ಆದರೆ ಕಾನೂನಿನ ಪ್ರಕಾರ ಅವರದಾಗುವುದು 5 ಲಕ್ಷ ಮಾತ್ರ. ಅತ್ತೆಗೆ ಪಾಲಿದೆ ಎಂಬುದು ಬಹುಪಾಲು ಸೊಸೆಯಂದಿರಿಗೆ ತಿಳಿಯುವುದೇ ನೋಟಿಸು ಕೈಗೆ ಬಂದ ದಿನ. ಮಾವನವರು ಮಾತ್ರ ಈ ಮೊದಲ ವರ್ಗದಲ್ಲಿ ಬರುವುದಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ, ಮಕ್ಕಳಿದ್ದರೆ ಪತ್ನಿಯ ಪಾಲು ಎಂಟನೇ ಒಂದು ಭಾಗ; ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ಮಕ್ಕಳಿದ್ದರೆ ಮೂರನೇ ಒಂದು ಭಾಗ. ಯಾವ ಕಾನೂನೂ ನಾಮಿನಿ ಎಂಬ ಕಾರಣಕ್ಕೆ ಪಾಲನ್ನು ಹೆಚ್ಚಿಸುವುದಿಲ್ಲ.

ಇದು ಹೊಸ ವ್ಯಾಖ್ಯಾನವೂ ಅಲ್ಲ. ಪತ್ನಿಯನ್ನೇ ನಾಮಿನಿ ಮಾಡಿ, ಉಯಿಲು ಬರೆಯದೆ ತೀರಿಕೊಂಡವರೊಬ್ಬರ ವಿಮಾ ಹಣದ ವಿಚಾರದಲ್ಲಿ ಸುಪ್ರೀಂ ಕೋರ್ಟು 1983ರಷ್ಟು ಹಿಂದೆಯೇ, ಅದು ಪತ್ನಿಯೊಬ್ಬರದಲ್ಲ, ಮಗನಿಗೂ ತಾಯಿಗೂ ಪಾಲಿದೆ ಎಂದು ಹೇಳಿತು. ಷೇರುಗಳಿಗೂ ಇದೇ ನಿಯಮ ಎಂದು 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಇಷ್ಟಾದರೂ, 2015ರ ವಿಮಾ ತಿದ್ದುಪಡಿ ಕಾಯ್ದೆ ತಂದೆ-ತಾಯಿ, ಪತಿ-ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಪ್ರಯೋಜನ ಅವರಿಗೇ ಎಂದಿರುವುದರಿಂದ ಪಾಲಿಸಿಯಾದರೂ ಪೂರ್ತಿ ನಮ್ಮದೇ ಎಂದು ವಾದಿಸುವವರಿದ್ದಾರೆ. ಅವರು ಕರ್ನಾಟಕ ಹೈಕೋರ್ಟಿನ 2025ರ ತೀರ್ಪನ್ನು ಗಮನಿಸಬೇಕು. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿಯೊಬ್ಬರು ಮದುವೆಯಾಗಿ ಮಗುವಾದ ಮೇಲೂ ಹೆಸರು ಬದಲಿಸಿರಲಿಲ್ಲ. ಅವರ ಮರಣಾನಂತರ, ಆ ತಿದ್ದುಪಡಿ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ ಎಂದ ನ್ಯಾಯಾಲಯ, ತಾಯಿ, ಪತ್ನಿ, ಮಗು ಮೂವರಿಗೂ ಸಮಪಾಲು ಕೊಟ್ಟಿತು. 1983ರಲ್ಲಿ ಪತ್ನಿಯ ಪಾಲನ್ನು ಕಡಿಮೆ ಮಾಡಿದ ತತ್ವವೇ ಇಲ್ಲಿ ಪತ್ನಿಯನ್ನು ಕಾಪಾಡಿತು ಎಂಬುದನ್ನು, ಈ ನಿಯಮ ಹೆಂಗಸರಿಗೆ ಅನ್ಯಾಯ ಎಂದು ದೂರುವವರು ನೆನಪಿಡಬೇಕು.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಇಂತಿಷ್ಟು ಶೇಕಡಾ ಎಂದು ನಮೂದಿಸಲು ಅವಕಾಶವಾಗಿದೆ. ಈ ಶೇಕಡಾವಾರನ್ನೇ ಪಾಲುಪಟ್ಟಿ ಎಂದು ತಿಳಿದವರು ಈಗಾಗಲೇ ಇದ್ದಾರೆ. ಅದು ಯಾರ ಕೈಗೆ ಎಷ್ಟು ಕೊಡಬೇಕೆಂದು ಬ್ಯಾಂಕಿಗೆ ಹೇಳುವ ಸೂಚನೆಯೇ ಹೊರತು ಪಾಲುಪಟ್ಟಿಯಲ್ಲ. ಜಂಟಿ ಖಾತೆಯಲ್ಲಿ ಬದುಕುಳಿದವರು ಹಣ ತೆಗೆಯಬಹುದೆಂಬ ಷರತ್ತೂ ಇದೇ ಜಾತಿಯದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಪತಿಯಿಂದ ಉಯಿಲು ಬರೆಸಿ. ಸ್ವಂತ ದುಡಿಮೆಯ ಹಣವನ್ನು ಹಿಂದೂಗಳು ಉಯಿಲಿನ ಮೂಲಕ ಇಷ್ಟಬಂದವರಿಗೆ ಕೊಡಬಹುದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನೇ ಸಾಕ್ಷಿಯಾಗಿಸದಿರುವುದು ಕ್ಷೇಮ. ಎರಡನೆಯದಾಗಿ, ಪತಿ ಹೊಸದಾಗಿ ಟರ್ಮ್ ಪಾಲಿಸಿ (ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ವಿಮೆ) ಮಾಡಿಸುವುದಿದ್ದರೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ನಿನಡಿ ಮಾಡಿಸಲು ಹೇಳಿ. ಆಗ ಆ ಹಣ ಪತ್ನಿ ಮತ್ತು ಮಕ್ಕಳಿಗಾಗಿ ಇಟ್ಟ ಟ್ರಸ್ಟ್ ಆಗುತ್ತದೆ. ಪತಿಯ ಆಸ್ತಿಯಲ್ಲಿ ಅದು ಸೇರುವುದಿಲ್ಲ, ಆದ್ದರಿಂದ ಬೇರೆ ವಾರಸುದಾರರಾಗಲಿ ಪತಿಗೆ ಸಾಲ ಕೊಟ್ಟವರಾಗಲಿ ಅದರ ಮೇಲೆ ಹಕ್ಕು ಸಾಧಿಸುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದಕ್ಕೆಂದು ಇರುವ ಪ್ರತ್ಯೇಕ ಅರ್ಜಿಯನ್ನು ತುಂಬಬೇಕು. ಏಜೆಂಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಕುಟುಂಬ ಪಿಂಚಣಿಯ ವಿಷಯ ಬೇರೆ; ಅದು ನಿಯಮದಂತೆ ಪತ್ನಿಗೇ ಸಲ್ಲುತ್ತದೆ, ಪಾಲಾಗುವುದಿಲ್ಲ. ಮೂರನೆಯದು, ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ: ನಿಮ್ಮದೇ ಹೆಸರಿನಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಪಿಪಿಎಫ್ ಅಥವಾ ಫಂಡುಗಳಲ್ಲಿ, ಚಿಕ್ಕ ಮೊತ್ತವೇ ಆಗಲಿ, ಈಗಿನಿಂದಲೇ ಕೂಡಿಡಿ. ಅದರ ಮೇಲಿನ ಹಕ್ಕಿಗಾಗಿ ನೀವು ಯಾರ ಮುಂದೆಯೂ ದಾಖಲೆ ಹಿಡಿದು ನಿಲ್ಲಬೇಕಾಗಿಲ್ಲ.

ಹೀಗೆ ಕೂಡಿಟ್ಟ ನಿಮ್ಮ ಹಣ ನಿಮ್ಮ ಕಾಲಾನಂತರ ಯಾರಿಗೆ ಹೋಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಹಿಂದೂ ಮಹಿಳೆ ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ನಿನಂತೆ ಅವರ ಸ್ವಂತ ಗಳಿಕೆ ಮೊದಲು ಮಕ್ಕಳಿಗೂ ಪತಿಗೂ ಸೇರುತ್ತದೆ. ಅವರಾರೂ ಇಲ್ಲದಿದ್ದರೆ ಪತಿಯ ವಾರಸುದಾರರಿಗೆ; ಅವರೂ ಇಲ್ಲದಿದ್ದರೆ ಮಾತ್ರ ಹೆತ್ತ ತಂದೆ-ತಾಯಿಗೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದ ಮಹಿಳೆ ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರಹಾಕಿಸಿಕೊಂಡು, ತವರಿನವರು ಓದಿಸಿದ್ದರಿಂದ ನೌಕರಿ ಹಿಡಿದು ಬದುಕಿದವರು. ಅವರ ಭವಿಷ್ಯನಿಧಿ ಮತ್ತು ಬ್ಯಾಂಕಿನ ಹಣಕ್ಕೆ ತಾಯಿ ಹಕ್ಕು ಕೇಳಿದರು. ನ್ಯಾಯಾಲಯ ಅದನ್ನು ಕೊಟ್ಟದ್ದು ಗಂಡನ ಸಹೋದರಿಯ ಮಕ್ಕಳಿಗೆ, ಏಕೆಂದರೆ ಕಾನೂನಿನ ಮಾತು ಸ್ಪಷ್ಟವಾಗಿತ್ತು, ಉಯಿಲು ಇರಲಿಲ್ಲ. ತಂದೆ-ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತವರಿನ ಕಡೆಗೆ ಮರಳುತ್ತದೆ. ದುಡಿದು ಗಳಿಸಿದ್ದಕ್ಕೆ ಆ ರಕ್ಷಣೆಯಿಲ್ಲ.

ಆದ್ದರಿಂದ ಪತಿಯ ಉಯಿಲಿಗೆ ಸಾಕ್ಷಿಗಳು ಮನೆಗೆ ಬಂದ ದಿನವೇ ನಿಮ್ಮ ಉಯಿಲನ್ನೂ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ.