ಇಬ್ಬರದೂ ಬಿ ಪಾಸಿಟಿವ್ ಅದ, ಲಗ್ನ ಮಾಡಬಹುದೇನ್ರಿ?

ಪ್ರಶ್ನೆ: "ಅಕ್ಕೋರಿಗೆ ನಮಸ್ಕಾರ್ರಿ. ಮಗಳಿಗೆ ಆಳಂದ ಕಡೆಯಿಂದ ಛಲೋ ಸಂಬಂಧ ಬಂದದ. ಹುಡುಗ ನೌಕರಿ ಮಾಡ್ತಾನ, ಮನಿತನ ಎಲ್ಲಾ ಹೊಂದ್ಯದ. ಆದ್ರ ಬಯೋಡಾಟಾ ನೋಡಿದ್ರ ಇಬ್ಬರದೂ ಬ್ಲಡ್ ಗ್ರೂಪ್ ಬಿ ಪಾಸಿಟಿವ್ ಅದ. ಒಂದೇ ಗ್ರೂಪಿನೋರು ಲಗ್ನ ಆದ್ರ ಮಕ್ಕಳಿಗೆ ಏನಾದ್ರೂ ಐಬು ಬರ್ತದ ಅಂತ ನಮ್ಮ ಮಾವನೋರು ಬ್ಯಾಡ ಅನ್ಲಕತ್ತಾರ. ಏನ್ ಮಾಡಬೇಕ್ರಿ?"

ಮಾಡ್ರಿ, ತಾಯಿ. ಹುಡುಗ ಹುಡುಗಿ ಒಪ್ಪಿದ್ದರೆ ನಾಳೆಯೇ ನಿಶ್ಚಯ ಮಾಡ್ರಿ. ಗಂಡ ಹೆಂಡತಿಯ ರಕ್ತದ ಗುಂಪು ಒಂದೇ ಆಗಿದ್ದರೆ ಮಕ್ಕಳಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಉತ್ತರ ಇಷ್ಟೇ. ಆದರೆ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತೇರು ಎಳೆದು ಲಗ್ನದ ಸೀಜನ್ ಸುರುವಾಯಿತೆಂದರೆ ಇದೇ ಪ್ರಶ್ನೆ ಜೇವರ್ಗಿಯಿಂದ, ಸೇಡಂನಿಂದ, ಹುಮನಾಬಾದಿನಿಂದ, ಸುರಪುರದಿಂದ ಬರುತ್ತದೆ. ಊರು ಬೇರೆ, ಗ್ರೂಪ್ ಬೇರೆ. ಬ್ಯಾಡ ಅನ್ನುವ ಹಿರಿಯರೊಬ್ಬರು ಮಾತ್ರ ಎಲ್ಲ ಮನೆಯಲ್ಲೂ ಇದ್ದೇ ಇರುತ್ತಾರೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮಕ್ಕಳಿಗೆ ಗ್ರೂಪ್ ನೋಡುವುದನ್ನು ಕಲಿಸಿದವಳು ನಾನು. ಅವರಲ್ಲಿ ಎಷ್ಟೋ ಮಂದಿ ಈಗ ತಾವೇ ಲ್ಯಾಬ್ ಇಟ್ಟಿದ್ದಾರೆ, ಕೈ ಶುದ್ಧವಾಗಿದೆ, ಅದರ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಉಂಟು. ಆದರೆ ತಮ್ಮ ತಂಗಿಯ ಲಗ್ನದ ಮಾತು ಬಂದಾಗ ಅವರೇ ಫೋನ್ ಮಾಡಿ ಮೆಲ್ಲಗೆ ಕೇಳುತ್ತಾರೆ: "ಮೇಡಂ, ಇಬ್ಬರದೂ ಒ ಪಾಸಿಟಿವ್ ಅದರಿ, ನಡೀತದಲ್ರಿ?" ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಗ್ರೂಪ್ ನೋಡುವಾಗ ನಾವು ಮಾಡುವುದೇನು? ಬಿಳಿ ಟೈಲ್ ಮೇಲೆ ರಕ್ತದ ಮೂರು ಹನಿ ಇಡುತ್ತೇವೆ. ಒಂದಕ್ಕೆ ನೀಲಿ ಸೀರಂ, ಒಂದಕ್ಕೆ ಹಳದಿ, ಮತ್ತೊಂದಕ್ಕೆ ಬಣ್ಣವಿಲ್ಲದ್ದು ಹಾಕಿ ಕಡ್ಡಿಯಿಂದ ಕಲಸುತ್ತೇವೆ. ನೀಲಿಯಲ್ಲಿ ಮಾತ್ರ ಕಾಳುಗಟ್ಟಿದರೆ ಎ, ಹಳದಿಯಲ್ಲಿ ಮಾತ್ರವಾದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಇಲ್ಲದಿದ್ದರೆ ಒ. ಮೂರನೆಯ ಹನಿ ಪಾಸಿಟಿವ್ ನೆಗೆಟಿವ್ ಹೇಳುತ್ತದೆ. ಎ, ಬಿ ಎಂದು ನಾವು ಗುರುತಿಸುವುದು ಕೆಂಪು ಕಣದ ಹೊರಮೈ ಮೇಲೆ ಅಂಟಿಕೊಂಡಿರುವ ಸಕ್ಕರೆ ಅಣುಗಳನ್ನು. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಆ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ಒ ಗುಂಪಿನವರಿಗೆ ಆ ತುದಿಯ ಸಕ್ಕರೆಯೇ ಇಲ್ಲ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಈ ಗುಂಪುಗಳನ್ನು ಪ್ರಕಟಿಸಿದ, 1930ರಲ್ಲಿ ಅದಕ್ಕೇ ನೊಬೆಲ್ ಪಡೆದ. ಯಾರ ರಕ್ತವನ್ನು ಯಾರಿಗೆ ಏರಿಸಬಹುದು ಎಂಬುದಕ್ಕೆ ಅದು ದಾರಿ ತೋರಿತು. ಯಾರನ್ನು ಯಾರಿಗೆ ಕೊಟ್ಟು ಲಗ್ನ ಮಾಡಬಹುದು ಎಂಬುದನ್ನು ಆತ ಎಲ್ಲಿಯೂ ಬರೆದಿಲ್ಲ.

ಎ ಬಿ ಒ ತೀರ್ಮಾನಿಸುವ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ. ಒಬ್ಬರದು ಬಿ ಎಂದು ಗೊತ್ತಾದರೆ ಆ ಒಂದು ಜೀನಿನ ವಿಷಯ ಗೊತ್ತಾಯಿತೇ ಹೊರತು, ಉಳಿದ ಸುಮಾರು 20,000 ಜೀನುಗಳ ಬಗ್ಗೆ ಒಂದಕ್ಷರವೂ ಗೊತ್ತಾಗಲಿಲ್ಲ. ಎರಡು ತೊಗರಿ ಚೀಲದ ಮೇಲೆ ಒಂದೇ ಬಣ್ಣದ ಮಾರ್ಕು ಇದೆ ಅಂತ ಒಳಗಿನ ಕಾಳಿಗೂ ಒಂದೇ ಹುಳ ಹಿಡಿದಿದೆ ಅನ್ನುವ ವ್ಯಾಪಾರಿ ನಮ್ಮ ಗಂಜಿನಲ್ಲಿ ಒಬ್ಬನೂ ಸಿಗಲಿಕ್ಕಿಲ್ಲ.

ಇಷ್ಟಕ್ಕೇ ಒಪ್ಪದವರು ಲೆಕ್ಕ ಮಾಡಲಿ. ನಮ್ಮ ದೇಶದಲ್ಲಿ ಒ ಮತ್ತು ಬಿ ಗುಂಪಿನವರೇ ಹೆಚ್ಚು, ಎ ಅದಕ್ಕಿಂತ ಕಡಿಮೆ, ಎಬಿ ತೀರ ಕಡಿಮೆ. ಕಣ್ಣು ಮುಚ್ಚಿ ಜೋಡಿ ಮಾಡುತ್ತ ಹೋದರೂ ಹತ್ತರಲ್ಲಿ ಹತ್ತಿರ ಹತ್ತಿರ ಮೂರು ಜೋಡಿಗೆ ಒಂದೇ ಗುಂಪು ಬೀಳುತ್ತದೆ. ಇದರಲ್ಲಿ ದೋಷವಿದ್ದಿದ್ದರೆ ಪ್ರತಿ ಓಣಿಯಲ್ಲಿ ಮೂರನೇ ಒಂದು ಪಾಲು ಮನೆಗಳ ಮಕ್ಕಳಲ್ಲಿ ಅದು ಕಾಣಬೇಕಿತ್ತು. ನಿಮ್ಮ ಮಾವನವರ ಲಗ್ನದಲ್ಲಿ ಗ್ರೂಪ್ ಕೇಳಿದವರು ಯಾರು? ಅವರದೂ ಅತ್ತೆಯವರದೂ ಇವತ್ತು ತೆಗೆಸಿ ನೋಡ್ರಿ, ಒಂದೇ ಬಂದರೂ ಬರಬಹುದು. ಬಂದರೆ ನಿಮ್ಮ ಮನೆಯವರೇ ಸಾಕ್ಷಿ.

ಇನ್ನೂ ದೊಡ್ಡ ಸಾಕ್ಷಿ ಬೇಕೆಂದರೆ ದಕ್ಷಿಣ ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ಮೂಲನಿವಾಸಿಗಳ ಎಷ್ಟೋ ಬುಡಕಟ್ಟುಗಳಲ್ಲಿ ಹೆಚ್ಚುಕಡಿಮೆ ಎಲ್ಲರದೂ ಒ ಗುಂಪು. ಸಾವಿರಾರು ವರ್ಷದಿಂದ ಒ ಹುಡುಗ ಒ ಹುಡುಗಿಯನ್ನೇ ಕಟ್ಟಿಕೊಂಡಿದ್ದಾನೆ, ಬೇರೆ ಗ್ರೂಪ್ ತರೋಣವೆಂದರೆ ಸುತ್ತ ಎಲ್ಲೂ ಇರಲಿಲ್ಲ. ಅವರ ಮಕ್ಕಳು ಚೆನ್ನಾಗಿಯೇ ಹುಟ್ಟಿ ಬೆಳೆದಿದ್ದಾರೆ.

ನನಗೆ ನಗು ಬರುವುದು ಇನ್ನೊಂದು ಕಾರಣಕ್ಕೆ. ಗುಂಪಿನಿಂದ ಮಗುವಿಗೆ ಏನಾದರೂ ತೊಡಕು ಬರುವುದಿದ್ದರೆ ಅದು ಗುಂಪು ಬೇರೆ ಬೇರೆ ಇದ್ದಾಗ. ತಾಯಿ ಒ ಆಗಿದ್ದು ಮಗು ಎ ಅಥವಾ ಬಿ ಆದರೆ ಕೆಲವೊಮ್ಮೆ ಕೂಸಿಗೆ ಕಾಮಾಲೆ ಕಾಣುತ್ತದೆ, ಹೆಚ್ಚಿನವಕ್ಕೆ ನೀಲಿ ಬೆಳಕಿನಡಿ ಮಲಗಿಸಿದರೆ ಇಳಿಯುತ್ತದೆ. ಒಂದೇ ಗುಂಪಿನ ಜೋಡಿಗೆ ಆ ರಗಳೆಯೂ ಇಲ್ಲ. ಇಬ್ಬರೂ ನೆಗೆಟಿವ್ ಅಂತ ಸಂಬಂಧ ಮುರಿದ ಮನೆಗಳನ್ನು ನೋಡಿದ್ದೇನೆ. ನೆಗೆಟಿವ್ ಹುಡುಗಿಗೆ ನೆಗೆಟಿವ್ ಹುಡುಗ ಸಿಗುವುದು ಅದೃಷ್ಟ (ಯಾಕೆಂದು ಮುಂದೆ ಹೇಳುತ್ತೇನೆ), ಆ ಮನೆಯವರು ಅದೃಷ್ಟವನ್ನೇ ಬಾಗಿಲಿನಿಂದ ಹೊರಗೆ ಕಳಿಸಿದರು.

ಹಾಗಾದರೆ ಈ ಮಾತು ಎಲ್ಲಿಂದ ಹಬ್ಬಿತು? ಒಂದು ಮೂಲ ಜಾತಕದವರು. ಗಂಡು ಹೆಣ್ಣಿಗೆ ಒಂದೇ ನಾಡಿ ಇರಬಾರದು ಎಂಬ ಹಳೆಯ ಲೆಕ್ಕಕ್ಕೆ ಈಚೆಗೆ ಕೆಲವರು "ನಾಡಿ ಅಂದರೆ ಬ್ಲಡ್ ಗ್ರೂಪೇ, ಇದು ಸೈನ್ಸು" ಎಂದು ಹೊಸ ಅಂಗಿ ತೊಡಿಸಿದ್ದಾರೆ. ನಾಡಿ ಮೂರು, ಗ್ರೂಪು ನಾಲ್ಕು. ನಾಡಿ ಹುಟ್ಟಿದ ನಕ್ಷತ್ರದಿಂದ ಬರುತ್ತದೆ, ಗ್ರೂಪ್ ತಂದೆ ತಾಯಿಯಿಂದ ಬರುತ್ತದೆ. ಹೆರಿಗೆ ಎರಡು ತಾಸು ತಡವಾದರೆ ನಕ್ಷತ್ರ ಬದಲಾಗಬಹುದು, ಗ್ರೂಪ್ ಬದಲಾಗುವುದಿಲ್ಲ. ಆದರೆ ಜಾತಕವನ್ನೇ ನೋಡದ ಮನೆಗಳಲ್ಲೂ, ದರ್ಗಾದ ಸುತ್ತಲಿನ ಓಣಿಗಳಲ್ಲೂ ಇದೇ ಭಯ ಕೇಳಿದ್ದೇನೆ. ಅದಕ್ಕೆ ಕಾರಣ ಆರ್‌ಎಚ್ (ಪಾಸಿಟಿವ್ ನೆಗೆಟಿವ್) ವಿಷಯ ಅರ್ಧ ಕಿವಿಗೆ ಬಿದ್ದದ್ದು ಅನಿಸುತ್ತದೆ.

ಆರ್‌ಎಚ್ ಮಾತು ನಿಜ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದು, ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆದರೆ, ಹೆರಿಗೆ ಹೊತ್ತಿಗೆ ಮಗುವಿನ ರಕ್ತ ತುಸು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ಮೈ ಅದನ್ನು ಪರಕೀಯವೆಂದು ಗುರುತಿಸಿ, ಅದರ ಮೇಲೆ ಬೀಳುವ ಪ್ರತಿಕಾಯ ಕಟ್ಟಿಕೊಳ್ಳಬಹುದು. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ, ಮುಂದಿನ ಪಾಸಿಟಿವ್ ಮಗುವಿನ ಕೆಂಪು ಕಣಗಳು ಒಡೆಯಬಹುದು. ಇದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಿಂದ ಬಳಕೆಯಲ್ಲಿದೆ. 28ನೇ ವಾರಕ್ಕೊಮ್ಮೆ, ಮಗು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ 72 ತಾಸಿನೊಳಗೆ ಮತ್ತೊಮ್ಮೆ. ಗರ್ಭಪಾತವಾದರೂ ದವಾಖಾನೆಯಲ್ಲಿ ಇದನ್ನು ಮರೆಯದೆ ಕೇಳಬೇಕು. ನಮ್ಮಲ್ಲಿ ನೂರಕ್ಕೆ ಸುಮಾರು 5 ಮಂದಿ ಮಾತ್ರ ನೆಗೆಟಿವ್. ನಿಮ್ಮ ಮಗಳು ಪಾಸಿಟಿವ್, ಆದ್ದರಿಂದ ಈ ಪ್ಯಾರಾ ನಿಮಗೆ ಬೇಕಾಗಿಯೇ ಇಲ್ಲ. ಒಂದು ಮಾತು ಮುಂಚೆಯೇ ಹೇಳಿಡುತ್ತೇನೆ: ಇಬ್ಬರೂ ಬಿ ಪಾಸಿಟಿವ್ ಇದ್ದರೂ ಮಗು ಒ ನೆಗೆಟಿವ್ ಹುಟ್ಟಬಹುದು. ಹುಟ್ಟಿದರೆ ಸೊಸೆಯ ಮೇಲೆ ಸಂಶಯ ಪಡಬ್ಯಾಡ್ರಿ. ಒ ಮತ್ತು ನೆಗೆಟಿವ್ ಎರಡೂ ತಂದೆ ತಾಯಿ ಇಬ್ಬರಲ್ಲೂ ಅಡಗಿ ಕೂತಿರಬಲ್ಲವು.

ಈಗ ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ. ಬಯೋಡಾಟಾದಲ್ಲಿ ಎತ್ತರ, ಬಣ್ಣ, ಹೊಲ ಎಷ್ಟು ಎಕರೆ, ಬ್ಲಡ್ ಗ್ರೂಪ್ ಎಲ್ಲ ಇದೆ. ಥಲಸ್ಸೀಮಿಯಾ (ಮೈ ಹಿಮೋಗ್ಲೋಬಿನ್ ಸರಿಯಾಗಿ ತಯಾರಿಸದ, ತಂದೆ ತಾಯಿಯಿಂದ ಬರುವ ರಕ್ತದ ಕಾಯಿಲೆ) ಟೆಸ್ಟ್ ಮಾಡಿಸಿದ್ದಾರೋ ಇಲ್ಲವೋ ಎಂಬ ಸಾಲು ಇದೆಯೆ? ನಾನಂತೂ ಒಂದರಲ್ಲೂ ನೋಡಿಲ್ಲ. ಒಂದೇ ಗ್ರೂಪ್ ಅಂತ ಹೊರಗಿನ ಹುಡುಗನನ್ನು ಬಿಟ್ಟ ಮನೆಯವರೇ, ಗ್ರೂಪ್ ಬೇರೆ ಇದೆ ಎಂಬ ಸಮಾಧಾನದಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುತ್ತಾರೆ! ಸೋದರಮಾವ ಮತ್ತು ಸೊಸೆಯ ಜೀನುಗಳಲ್ಲಿ ಕಾಲು ಭಾಗ ಹಂಚಿಕೆಯಾಗಿರುತ್ತದೆ. ಮನೆತನದಲ್ಲಿ ಒಂದು ದೋಷದ ಜೀನ್ ಸುಮ್ಮನೆ ಹರಿದು ಬರುತ್ತಿದ್ದರೆ ಅದು ಇಬ್ಬರಲ್ಲೂ ಇರುವ ಸಾಧ್ಯತೆ ಹೊರಗಿನವರಿಗಿಂತ ಎಷ್ಟೋ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಸಂಬಂಧದಲ್ಲೇ ಲಗ್ನವಾದವರು.

ಥಲಸ್ಸೀಮಿಯಾ ಮೈನರ್ ಇದ್ದವರು, ಅಂದರೆ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ದೋಷದ ಜೀನ್ ಪಡೆದವರು, ನಮ್ಮ ನಿಮ್ಮಂತೆ ಆರೋಗ್ಯವಾಗಿಯೇ ಇರುತ್ತಾರೆ. ದೇಶದಲ್ಲಿ ನೂರಕ್ಕೆ 3-4 ಮಂದಿ ಹೀಗಿದ್ದಾರೆ. ಇಬ್ಬರು ಮೈನರ್ ಕೂಡಿದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಮೇಜರ್, ಅಂದರೆ ಪೂರ್ತಿ ರೋಗ ಬರುವ ಸಾಧ್ಯತೆ. ಆ ಕೂಸಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಏರಿಸಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ದಿನಾ ಔಷಧ ಬೇಕು. ಮೈನರ್ ಇದೆಯೋ ಎಂಬ ಸುಳಿವು 200-300 ರೂಪಾಯಿಯ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನಲ್ಲೇ ಸಿಗುತ್ತದೆ: ಹಿಮೋಗ್ಲೋಬಿನ್ ತುಸು ಕಡಿಮೆ, ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ ಕೆಳಗೆ, ಆದರೆ ಕಣಗಳ ಸಂಖ್ಯೆ 50 ಲಕ್ಷ ದಾಟಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಗಾತ್ರದ ಜೊತೆ ಸಂಖ್ಯೆಯೂ ಇಳಿಯುವುದು ವಾಡಿಕೆ. ಈ ವ್ಯತ್ಯಾಸ ನೋಡದೆ ವರ್ಷಾನುಗಟ್ಟಲೆ ಐರನ್ ಗುಳಿಗೆ ನುಂಗಿದವರಿದ್ದಾರೆ. ಸಂಶಯ ಬಂದರೆ ಎಚ್‌ಪಿಎಲ್‌ಸಿ ಎಂಬ ಟೆಸ್ಟ್ ಮಾಡಿಸಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇಕಡಾ 3.5 ದಾಟಿದರೆ ಮೈನರ್ ಎಂದೇ ಸಾಮಾನ್ಯ ಅರ್ಥ. ಇದೇ ಟೆಸ್ಟಿನಲ್ಲಿ ಸಿಕಲ್ ಸೆಲ್ ಎಂಬ ಇನ್ನೊಂದು ಹಿಮೋಗ್ಲೋಬಿನ್ ಕಾಯಿಲೆ ಕೂಡ ಗೊತ್ತಾಗುತ್ತದೆ. ಒಬ್ಬರದು ನಾರ್ಮಲ್ ಬಂದರೆ ಲಗ್ನಕ್ಕೆ ಅಡ್ಡಿ ಇಲ್ಲ. ಇಬ್ಬರೂ ಮೈನರ್ ಆದರೂ ಲಗ್ನ ನಿಲ್ಲಲೇಬೇಕೆಂದಿಲ್ಲ: ಬಸಿರಾದ 10-12 ವಾರಕ್ಕೆ ಪರೀಕ್ಷೆ ಮಾಡಿ ಮಗುವಿನ ಸ್ಥಿತಿ ತಿಳಿಯಬಹುದು. ಸೈಪ್ರಸ್ ಎಂಬ ಸಣ್ಣ ದೇಶದಲ್ಲಿ 1980ರ ದಶಕದಿಂದ ಚರ್ಚಿನವರೇ ಲಗ್ನಕ್ಕೆ ಮುಂಚೆ ಈ ಪರೀಕ್ಷೆಯ ಸರ್ಟಿಫಿಕೇಟ್ ಕೇಳುತ್ತಾರೆ. ಅಲ್ಲಿ ಮೇಜರ್ ಮಕ್ಕಳು ಹುಟ್ಟುವುದು ಬಹುತೇಕ ನಿಂತೇಹೋಗಿದೆ.

"ಈಗ ಔಷಧಿ ಬಂದದಂತಲ್ರಿ" ಅನ್ನುವವರಿಗೂ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿರುವಾಗ ಮಗುವಿನ ಹಿಮೋಗ್ಲೋಬಿನ್ ಬೇರೆ ತರಹದ್ದು. ಹುಟ್ಟಿ ಆರು ತಿಂಗಳ ಹೊತ್ತಿಗೆ ದೇಹ ಅದನ್ನು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್ ಸುರು ಮಾಡುತ್ತದೆ. ಮೇಜರ್ ಕೂಸು ಆರು ತಿಂಗಳ ನಂತರವೇ ಬಿಳಿಚಿಕೊಳ್ಳುವುದು ಅದಕ್ಕೇ. ಹಳೆಯದನ್ನು ನಿಲ್ಲಿಸುವುದರಲ್ಲಿ ಬಿಸಿಎಲ್11ಎ ಎಂಬ ಜೀನಿನ ಕೈವಾಡ ದೊಡ್ಡದು ಎಂಬುದು 2008ರ ಹೊತ್ತಿಗೆ ಸ್ಪಷ್ಟವಾಯಿತು. ರೋಗಿಯದೇ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು, ಕ್ರಿಸ್ಪರ್ ಎಂಬ ಕತ್ತರಿಯಿಂದ ಆ ಜೀನಿನ ಸ್ವಿಚ್ಚನ್ನು ಕೆಡಿಸಿ, ಮರಳಿ ಮೈಗೆ ಸೇರಿಸುವ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು; ಅಮೆರಿಕ ಡಿಸೆಂಬರಿನಲ್ಲಿ ಸಿಕಲ್ ಸೆಲ್‌ಗೆ, 2024ರ ಜನವರಿಯಲ್ಲಿ ಥಲಸ್ಸೀಮಿಯಾಕ್ಕೆ ಒಪ್ಪಿಗೆ ಕೊಟ್ಟಿತು. ನಿಂತುಹೋದ ಶಿಶುವಿನ ಹಿಮೋಗ್ಲೋಬಿನ್ ಮತ್ತೆ ಹರಿಯುತ್ತದೆ. ಓದಿ ನಿಜಕ್ಕೂ ಖುಷಿಪಟ್ಟೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಅಂದರೆ 18 ಕೋಟಿ ರೂಪಾಯಿಗೂ ಮೇಲೆ. ನಮ್ಮ ದೆಹಲಿಯ ಐಜಿಐಬಿ ಎಂಬ ಸರ್ಕಾರಿ ಜೀನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸಿಕಲ್ ಸೆಲ್‌ಗಾಗಿ ಇಂಥದೇ ಕೆಲಸದಲ್ಲಿದ್ದಾರೆ. ಅಲ್ಲಿಯವರೆಗೆ ಇರುವ ದಾರಿ ಅಸ್ಥಿಮಜ್ಜೆಯ ಕಸಿ. ಅದಕ್ಕೆ ಒಡಹುಟ್ಟಿದವರ ಅಂಗಾಂಶದ ಗುರುತು, ಅಂದರೆ ಎಚ್‌ಎಲ್‌ಎ ಹೊಂದಬೇಕು, ಗ್ರೂಪ್ ಹೊಂದಲೇಬೇಕೆಂದಿಲ್ಲ. ಬಿ ಗುಂಪಿನ ತಮ್ಮನಿಗೆ ಒ ಗುಂಪಿನ ಅಕ್ಕ ಮಜ್ಜೆ ಕೊಟ್ಟರೆ ಕೆಲವು ತಿಂಗಳಲ್ಲಿ ತಮ್ಮನ ಗ್ರೂಪೂ ಒ ಆಗುತ್ತದೆ.

ಕೊನೆಗೆ, ಗ್ರೂಪ್ ಒಂದೇ ಇದ್ದರೆ ಒಳ್ಳೆಯದೇ ಆಯಿತು, ಹೆರಿಗೆಯಲ್ಲಿ ಗಂಡನೇ ರಕ್ತ ಕೊಡಬಹುದಲ್ಲ ಎಂದು ಯಾರೋ ಈಗ ಅಂದುಕೊಂಡಿರುತ್ತೀರಿ. ಬ್ಯಾಡ್ರಿ. ಕೆಂಪು ಕಣದ ಮೇಲೆ ಎ, ಬಿ ಮತ್ತು ಪಾಸಿಟಿವ್ ಎನ್ನಿಸುವ ಡಿ ಅಷ್ಟೇ ಅಲ್ಲ, ಮುನ್ನೂರಕ್ಕೂ ಹೆಚ್ಚು ಗುರುತುಗಳಿವೆ. ಕೋಲಾರ ಕಡೆಯ ಒಬ್ಬ ಮಹಿಳೆಯ ರಕ್ತ ಪರೀಕ್ಷಿಸುವಾಗ ಅದುವರೆಗೆ ಜಗತ್ತಿನಲ್ಲೇ ಯಾರೂ ಗುರುತಿಸಿರದ ಹೊಸ ಗುರುತೊಂದು ಗೊತ್ತಾಯಿತು ಎಂದು 2025ರಲ್ಲಿ ಪ್ರಕಟವಾಯಿತು, ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟರು. ಮೇಲ್ನೋಟಕ್ಕೆ ಆಕೆಯದು ಒ ಪಾಸಿಟಿವ್, ಆದರೆ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ, ಸ್ವಂತ ಬಂಧುಗಳದೂ ಇಲ್ಲ. ಗಂಡನ ರಕ್ತವನ್ನು ಹೆಂಡತಿಗೆ ಏರಿಸಿದರೆ ಅವನ ಇಂಥ ಸಣ್ಣ ಗುರುತುಗಳ ವಿರುದ್ಧ ಅವಳ ಮೈ ಪ್ರತಿಕಾಯ ಕಟ್ಟಿಕೊಳ್ಳಬಹುದು, ಮುಂದಿನ ಬಸಿರಿನಲ್ಲಿ ಅದೇ ಗುರುತು ಹೊತ್ತ ಮಗುವಿಗೆ ಅದು ಕುತ್ತು. ಇನ್ನೂ ಮಕ್ಕಳಾಗಬೇಕಾದ ಹೆಂಗಸಿಗೆ ಗಂಡನ ರಕ್ತ ಬಿಟ್ಟು ಬೇರೆ ಯಾರದ್ದಾದರೂ ಹುಡುಕಿ ಎನ್ನುವುದು ಅದಕ್ಕೇ. ಗಂಡ ರಕ್ತನಿಧಿಗೆ ಕೊಡಲಿ, ಅದು ಮತ್ತೊಬ್ಬರಿಗೆ ಹೋಗಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು.