ಹತ್ತು ಮಳೆಗಾಲ ಕಂಡ ಫೈಬರ್‌ಗೆ ಲೆಕ್ಕ ಹಾಕಿ

ಮಲೆನಾಡಿನಲ್ಲಿ ಮನೆಮನೆಗೆ ಫೈಬರ್ ಎಳೆಯುವ ಕೇಬಲ್ ಆಪರೇಟರ್‌ಗಳು ಮತ್ತು ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಪಾನ್ ಸಿಮ್ಯುಲೇಷನ್ ಮಾಡುವ ಮಕ್ಕಳು, ಇಬ್ಬರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಒಂದು ಪೋರ್ಟ್‌ನಿಂದ ಎಷ್ಟು ಮನೆ, ಎಷ್ಟು ದೂರ? ಇಬ್ಬರಿಗೂ ನನ್ನ ಉತ್ತರವೂ ಒಂದೇ. ಇವತ್ತು ಎಳೆದ ಹೊಸ ಕೇಬಲ್‌ಗೆ ಲೆಕ್ಕ ಹಾಕಬೇಡಿ. ಹತ್ತು ಮಳೆಗಾಲ ಕಂಡು, ಮರ ಬಿದ್ದು ತುಂಡಾಗಿ, ಮತ್ತೆ ಮತ್ತೆ ಜಾಯಿಂಟ್ ಹಾಕಿಸಿಕೊಂಡ ಕೇಬಲ್‌ಗೆ ಲೆಕ್ಕ ಹಾಕಿ.

ಪಾನ್ ಅಂದರೆ ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್. ಪೇಟೆಯ ಆಫೀಸಿನಲ್ಲಿ ಬೆಳಕು ಕಳಿಸುವ ಪೆಟ್ಟಿಗೆ ಓಎಲ್‌ಟಿ (ಅದರ ಒಂದೊಂದು ಕಿಂಡಿಯೇ ಪೋರ್ಟ್), ಮನೆಯಲ್ಲಿ ಅದನ್ನು ಹಿಡಿಯುವ ಚಿಕ್ಕ ಪೆಟ್ಟಿಗೆ ಓಎನ್‌ಟಿ, ನಡುವೆ ಬರೀ ಗಾಜಿನ ಎಳೆ ಮತ್ತು ಬೆಳಕು ಹಂಚುವ ಸ್ಪ್ಲಿಟರ್. ದಾರಿಯಲ್ಲಿ ಎಲ್ಲೂ ಕರೆಂಟ್ ಬೇಕಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮೂಡಿಗೆರೆ, ಸಕಲೇಶಪುರದ ಕಡೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆಫೀಸಿಗೊಂದು ಜನರೇಟರ್, ಮನೆಗೊಂದು ಚಿಕ್ಕ ಯುಪಿಎಸ್ ಇದ್ದರೆ ಆಯಿತು. ಆದರೆ ಕರೆಂಟ್ ಇಲ್ಲ ಅಂದಮೇಲೆ ದಾರಿಯಲ್ಲಿ ಬೆಳಕನ್ನು ಮತ್ತೆ ಜೋರು ಮಾಡುವ ಸಾಧನವೂ ಇಲ್ಲ. ಹೊರಟಾಗ ಎಷ್ಟಿತ್ತೋ ಅಷ್ಟನ್ನೇ ಎಲ್ಲ ಮನೆಯವರೂ ಹಂಚಿಕೊಳ್ಳಬೇಕು.

ಒಂದು ಲೆಕ್ಕ ಮಾಡೋಣ. ಓಎಲ್‌ಟಿ ಚಿಕ್ಕಮಗಳೂರಿನಲ್ಲಿದೆ, ಕೇಬಲ್ ಆಲ್ದೂರಿನ ಕಡೆ ಹೋಗುತ್ತದೆ, ಕೊನೇ ಮನೆಗೆ 18 ಕಿ.ಮೀ. ಎಂದುಕೊಳ್ಳಿ. ಇದು ರಸ್ತೆಯ ಉದ್ದವಲ್ಲ, ಕೇಬಲ್ ಉದ್ದ. ಕಂಬದಿಂದ ಕಂಬಕ್ಕೆ ಇರುವ ಜೋಲು, ಜಾಯಿಂಟ್ ಹತ್ತಿರ ಸುತ್ತಿಟ್ಟ ಲೂಪ್ ಎಲ್ಲ ಇದರಲ್ಲಿ ಸೇರಬೇಕು. ಪಾನ್‌ನ ಒಂದು ಬಗೆಯಾದ ಜಿಪಾನ್‌ನಲ್ಲಿ ಮನೆಗೆ ಬರುವ ಡೇಟಾ 1490 ನ್ಯಾನೋಮೀಟರ್ ಬೆಳಕಿನಲ್ಲಿ ಬರುತ್ತದೆ, ಮನೆಯಿಂದ ಹೋಗುವುದು 1310ರಲ್ಲಿ. ಬೆಳಕು ಎಷ್ಟು ಕುಗ್ಗಿತು ಎನ್ನುವುದರ ಅಳತೆ ಡಿಬಿ (ಡೆಸಿಬಲ್). 1490ರಲ್ಲಿ ಕಿಲೋಮೀಟರಿಗೆ 0.25 ಡಿಬಿ ನಷ್ಟ ಹಿಡಿದರೆ 4.5 ಡಿಬಿ. 1310ರಲ್ಲಿ 0.35 ಹಿಡಿಯಬೇಕು, ಅಂದರೆ 6.3. ಊರಿನ ಹತ್ತಿರ ನಾಲ್ಕರ ಸ್ಪ್ಲಿಟರ್, ಮನೆಗಳ ಹತ್ತಿರ ಎಂಟರದ್ದು, ಒಟ್ಟು 32 ಮನೆ. ಅದಕ್ಕೆ 7.2 ಮತ್ತು 10.5 ಸೇರಿ 17.7 ಡಿಬಿ. ಜಾಯಿಂಟ್ 14, ತಲಾ 0.1ರಂತೆ 1.4. ಕನೆಕ್ಟರ್ ನಾಲ್ಕು, ತಲಾ 0.5ರಂತೆ 2. ಕೂಡಿಸಿ ನೋಡಿ. ಮನೆಗೆ ಬರುವಾಗ 25.6 ಡಿಬಿ, ಮನೆಯಿಂದ ಹೋಗುವಾಗ 27.4.

ಓಎಲ್‌ಟಿಯ ಪೋರ್ಟ್‌ಗೆ ಸಾಮಾನ್ಯವಾಗಿ ಹಾಕುವ ಬಿ ಪ್ಲಸ್ ದರ್ಜೆಯ ಲೇಸರ್ ಮಾಡ್ಯೂಲ್ ತಡೆದುಕೊಳ್ಳುವ ನಷ್ಟ 28 ಡಿಬಿ. ಅಂದರೆ ಒಂದು ದಿಕ್ಕಿನಲ್ಲಿ 2.4 ಡಿಬಿ ಉಳಿದಿದೆ, ಇನ್ನೊಂದು ದಿಕ್ಕಿನಲ್ಲಿ ಬರೀ 0.6. ಬಹಳ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ, ಯಾಕೆಂದರೆ ಮನೆಯಲ್ಲಿ ಪವರ್ ಮೀಟರ್ ಹಿಡಿದು ಅಳೆಯುವುದು ಅದನ್ನೇ. "ಮೈನಸ್ 23 ಬಂತು ಸಾರ್, ಸಾಕಲ್ವಾ" ಅಂತ ಲೈನ್ ಹುಡುಗರು ಫೋನ್ ಮಾಡುತ್ತಾರೆ. ಮನೆಯ ಕಡೆಯಿಂದ ನೋಡಿದರೆ ಹೌದು, ಅಷ್ಟು ಬೆಳಕು ಸಾಕು. ಆದರೆ ಅದೇ ಮನೆಯಿಂದ ಹೊರಟ ಬೆಳಕು ಚಿಕ್ಕಮಗಳೂರು ಮುಟ್ಟುವ ಹೊತ್ತಿಗೆ ಅಂಚಿನಲ್ಲಿ ನಿಂತಿರುತ್ತದೆ.

ಈಗ ಮಳೆಗಾಲ ಬರಲಿ. ಸಿಲ್ವರ್ ಓಕ್ ಮರವೊಂದು ಲೈನ್ ಮೇಲೆ ಬೀಳುತ್ತದೆ, ಕೇಬಲ್ ತುಂಡಾಗುತ್ತದೆ. ಎರಡು ತುದಿಯನ್ನು ಎಳೆದು ಸೇರಿಸಲು ಸಾಮಾನ್ಯವಾಗಿ ಉದ್ದ ಸಾಲುವುದಿಲ್ಲ, ನಡುವೆ ಒಂದು ತುಂಡು ಕೇಬಲ್ ಹಾಕಬೇಕು. ಹಾಗಾಗಿ ಒಂದು ಮರಕ್ಕೆ ಒಂದಲ್ಲ, ಎರಡು ಹೊಸ ಜಾಯಿಂಟ್. ಮಳೆಯಲ್ಲಿ, ಜೀಪಿನ ಹಿಂದೆ ಟಾರ್ಪಾಲ್ ಕಟ್ಟಿಕೊಂಡು, ಒದ್ದೆ ಕೈಯಲ್ಲಿ ಮಾಡಿದ ಜಾಯಿಂಟ್ 0.1 ಡಿಬಿ ಒಳಗೆ ಬಂದರೆ ಆ ಹುಡುಗನ ಕೈ ಚೆನ್ನಾಗಿದೆ ಎಂದೇ ಅರ್ಥ. ಒಂದು ರಿಪೇರಿಗೆ 0.2 ಡಿಬಿ ಹಿಡಿಯಿರಿ. ಮೂರನೇ ಮರಕ್ಕೆ ನಮ್ಮ 0.6 ಮುಗಿಯಿತು. ನಾಲ್ಕನೆಯದರಿಂದ ಕೊನೇ ಮನೆಯ ಓಎನ್‌ಟಿಯಲ್ಲಿ ಆಗಾಗ ಕೆಂಪು ಲೈಟ್. ಯಾರೂ ತಪ್ಪು ಮಾಡಿಲ್ಲ, ಕೇಬಲ್ ಚೆನ್ನಾಗಿದೆ, ಜಾಯಿಂಟ್ ಚೆನ್ನಾಗಿದೆ. ಲೆಕ್ಕದಲ್ಲಿ ಮಳೆಗಾಲಕ್ಕೆ ಜಾಗ ಇರಲಿಲ್ಲ, ಅಷ್ಟೇ.

ಆದ್ದರಿಂದ ಮಲೆನಾಡಿನ ರೂಟ್‌ಗೆ ಮೊದಲ ದಿನ ಕನಿಷ್ಠ 3 ಡಿಬಿ ಕೈಯಲ್ಲಿರಬೇಕು, ಎರಡೂ ದಿಕ್ಕಿನಲ್ಲಿ. ಇದರಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ. ಒಂದೋ ಸಿ ಪ್ಲಸ್ ಮಾಡ್ಯೂಲ್ ಹಾಕಿ, ಅದು 32 ಡಿಬಿ ತಡೆಯುತ್ತದೆ, ಇಲ್ಲವೇ 32 ಮನೆ ಬಿಟ್ಟು 16 ಮನೆಗೆ ಇಳಿಯಿರಿ. ಹಾಸನ ಪೇಟೆಯ ಒಳಗೆ 4 ಕಿ.ಮೀ. ಫೀಡರ್‌ನಲ್ಲಿ (ಓಎಲ್‌ಟಿಯಿಂದ ಸ್ಪ್ಲಿಟರ್‌ವರೆಗಿನ ಮುಖ್ಯ ಕೇಬಲ್) ಒಂದು ಪೋರ್ಟ್‌ಗೆ 64 ಮನೆ ಕೊಟ್ಟರೂ ಬಿ ಪ್ಲಸ್ ಆರಾಮಾಗಿ ಸಾಕು. ಅಲ್ಲಿಯ ಡಿಸೈನ್ ತಂದು ಇಲ್ಲಿ ಅಂಟಿಸಿದರೆ ನಡೆಯುವುದಿಲ್ಲ.

"ಎಲ್ಲಾ ಕಡೆ ಕೆಟ್ಟ ಸಂಖ್ಯೆಯನ್ನೇ ಹಿಡಿದರೆ ಖರ್ಚು ಜಾಸ್ತಿ ಆಗಲ್ವಾ" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 14 ಜಾಯಿಂಟೂ ಒಟ್ಟಿಗೆ ಕೆಟ್ಟದಾಗಿ ಬರುವುದು ಅಪರೂಪ. ಸಿಮ್ಯುಲೇಷನ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ. ಪ್ರತಿ ಜಾಯಿಂಟ್‌ಗೂ ಒಂದೇ ಸಂಖ್ಯೆ ಕೊಡದೆ, ನೀವು ಓಟಿಡಿಆರ್‌ನಲ್ಲಿ (ಕೇಬಲ್ ಉದ್ದಕ್ಕೂ ಎಲ್ಲಿ ಎಷ್ಟು ನಷ್ಟ ಎಂದು ತೋರಿಸುವ ಮೀಟರ್) ಅಳೆದಿಟ್ಟ ಸಂಖ್ಯೆಗಳಿಂದಲೇ ಒಂದೊಂದನ್ನು ಹೆಕ್ಕಿ ಕೂಡಿಸಿ. ಇದನ್ನು ಹತ್ತು ಸಾವಿರ ಸಲ ಮಾಡಿಸಿ. ಅದಕ್ಕೆ ಮಾಂಟೆ ಕಾರ್ಲೋ ಅನ್ನುತ್ತಾರೆ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ಸರಾಸರಿ ನೋಡಬೇಡಿ, ನೂರು ಸಲದಲ್ಲಿ ಅತಿ ಕೆಟ್ಟ ಐದು ಸಲ ಮನೆಯ ಗತಿ ಏನಾಯಿತು ನೋಡಿ. ಒಂದು ಎಚ್ಚರ ಮಾತ್ರ ಇರಲಿ. ಒಂದೇ ಮಳೆಯಲ್ಲಿ, ಒಂದೇ ಮೆಷಿನ್‌ನಲ್ಲಿ, ಒಂದೇ ತಂಡ ಹಾಕಿದ ಜಾಯಿಂಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವಲ್ಲ. ಮೆಷಿನ್‌ನ ಇಲೆಕ್ಟ್ರೋಡ್ ಸವೆದಿದ್ದರೆ ಆ ದಿನದ ಜಾಯಿಂಟ್ ಎಲ್ಲವೂ ಒಟ್ಟಿಗೆ ಕೆಡುತ್ತವೆ. ಇದನ್ನು ಮಾಡೆಲ್‌ನಲ್ಲಿ ಸೇರಿಸದಿದ್ದರೆ ಉತ್ತರ ಸುಮ್ನೆ ಚೆನ್ನಾಗಿ ಕಾಣುತ್ತದೆ.

ಎಸ್ಟೇಟ್ ರಸ್ತೆಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಮನೆಗಳು ಗುಂಪಾಗಿಲ್ಲ. ಒಂದು ಕಡೆ ಲೈನ್ ಮನೆಗಳು, ಎರಡು ಕಿಲೋಮೀಟರ್ ಆಚೆ ಒಂದು ಬಂಗಲೆ, ಇನ್ನೂ ಮುಂದೆ ಎರಡು ಹೋಮ್‌ಸ್ಟೇ. ಎಂಟರ ಸ್ಪ್ಲಿಟರ್ ಒಂದು ಕಡೆ ಇಟ್ಟರೆ ಪ್ರತಿ ಮನೆಗೂ ಉದ್ದುದ್ದ ಡ್ರಾಪ್, ಅಂದರೆ ಮನೆಯೊಳಕ್ಕೆ ಹೋಗುವ ಕೊನೇ ಕೇಬಲ್, ಎಳೆಯಬೇಕು. ಇಂಥ ಕಡೆ ಟ್ಯಾಪ್ ಒಳ್ಳೆಯದು. ಕಾಫಿ ತೋಟದ ಸ್ಪ್ರಿಂಕ್ಲರ್ ಲೈನಿನಲ್ಲಿ ಪಂಪ್ ಹತ್ತಿರದ ಜೆಟ್‌ಗೆ ಸಣ್ಣ ನಾಜಲ್, ತುದಿಗೆ ದೊಡ್ಡದು ಹಾಕಿ ನೀರು ಸಮ ಮಾಡಿದ ಹಾಗೆ, ಮೊದಲ ಟ್ಯಾಪ್‌ನಲ್ಲಿ 5% ಬೆಳಕು ತೆಗೆದು 95% ಮುಂದೆ ಬಿಡುವುದು, ಆಮೇಲೆ 10%, 20%, ಕೊನೆಗೆ ಅರ್ಧ ಅರ್ಧ. 10% ಟ್ಯಾಪ್‌ನಲ್ಲಿ ಮುಂದೆ ಹೋಗುವ ಬೆಳಕಿಗೆ ಅರ್ಧ ಡಿಬಿಗಿಂತ ಸ್ವಲ್ಪ ಜಾಸ್ತಿ ನಷ್ಟ, ಪಕ್ಕಕ್ಕೆ ತೆಗೆದದ್ದಕ್ಕೆ 10 ಡಿಬಿಗಿಂತ ಸ್ವಲ್ಪ ಜಾಸ್ತಿ. ಯಾವ ಕಂಬದಲ್ಲಿ ಯಾವ ಅನುಪಾತ ಎಂಬುದನ್ನು ಕಂಪ್ಯೂಟರ್‌ಗೇ ಹುಡುಕಲು ಬಿಡಿ. ಆದರೆ ಕೊಂಡು ತಂದ ಟ್ಯಾಪ್ ಬರೆದಷ್ಟೇ ಬೆಳಕು ಕೊಡುವುದಿಲ್ಲ. ಆರು ಟ್ಯಾಪ್ ಸಾಲಾಗಿ ಬಂದರೆ ಚಿಕ್ಕ ಚಿಕ್ಕ ವ್ಯತ್ಯಾಸ ತುದಿಯಲ್ಲಿ ದೊಡ್ಡದಾಗುತ್ತದೆ. ಅಳೆದೇ ಕಂಬ ಹತ್ತಿಸಿ.

ಇನ್ನು 10 ಗಿಗಾಬಿಟ್ ವೇಗದ ಪಾನ್. ಅದರ ಮಾನದಂಡ ಎಕ್ಸ್‌ಜಿಎಸ್-ಪಾನ್ 2016ರಲ್ಲಿ ಬಂತು. ಮನೆಗೆ ಬರುವುದು 1577 ನ್ಯಾನೋಮೀಟರ್‌ನಲ್ಲಿ, ಹೋಗುವುದು 1270ರಲ್ಲಿ. ಬಣ್ಣ ಬೇರೆಯಾದ್ದರಿಂದ ಹಳೆಯ ಜಿಪಾನ್ ಜೊತೆಗೆ ಅದೇ ಫೈಬರ್‌ನಲ್ಲಿ ಓಡುತ್ತದೆ. "ಕೇಬಲ್ ಮುಟ್ಟೋದೇ ಬೇಡ, ಕಾರ್ಡ್ ಬದಲಿಸಿದರೆ ಸಾಕು" ಎನ್ನುವುದು ಅರ್ಧ ಮಾತ್ರ ನಿಜ. ನಮ್ಮ ಆಲ್ದೂರು ಲೈನನ್ನೇ ತೆಗೆದುಕೊಳ್ಳಿ. 1270ರಲ್ಲಿ ಕಿಲೋಮೀಟರಿಗೆ 0.4 ಡಿಬಿ ಹಿಡಿದರೆ ಒಟ್ಟು 28.3. ಎರಡೂ ವ್ಯವಸ್ಥೆಯನ್ನು ಒಂದು ಫೈಬರ್‌ಗೆ ಸೇರಿಸುವ ಫಿಲ್ಟರ್‌ಗೆ ಇನ್ನೊಂದು ಡಿಬಿ. ಎಕ್ಸ್‌ಜಿಎಸ್-ಪಾನ್‌ನ ಎನ್1 ದರ್ಜೆಯ ಮಾಡ್ಯೂಲ್‌ನ ಮಿತಿ 29, ದಾಟಿ ಹೋಯಿತು. ಎನ್2ಗೆ 31 ಇದೆ, ಅದರಲ್ಲಿ 1.7 ಉಳಿಯುತ್ತದೆ, ಅದೂ ಒಂದೂ ಮರ ಬೀಳದಿದ್ದರೆ.

1577ರ ಇನ್ನೊಂದು ತೊಂದರೆ ಬಾಗು. ಉದ್ದ ತರಂಗದ ಬೆಳಕು ಫೈಬರ್ ಬಾಗಿದ ಕಡೆ ಬೇಗ ಸೋರುತ್ತದೆ. ಅಡಿಕೆ ಮರಕ್ಕೆ ಬೈಂಡಿಂಗ್ ವೈರ್‌ನಲ್ಲಿ ಬಿಗಿದು ಕಟ್ಟಿದ ಡ್ರಾಪ್, ಕಿಟಕಿ ಸಂದಿಯಲ್ಲಿ ಮಡಚಿ ತಂದ ವೈರ್, ಇವೆಲ್ಲ ಜಿಪಾನ್‌ನಲ್ಲಿ ವರ್ಷಗಟ್ಟಲೆ ನಡೆದು 10 ಗಿಗಾಗೆ ಬದಲಾದ ದಿನ ನಿಲ್ಲಬಹುದು. ಬದಲಿಸುವ ಮೊದಲೇ ಓಟಿಡಿಆರ್‌ನಲ್ಲಿ 1310 ಮತ್ತು 1550 ಎರಡರಲ್ಲೂ ನೋಡಿ. ಒಂದು ಜಾಗದಲ್ಲಿ ಎರಡರಲ್ಲೂ ನಷ್ಟ ಹೆಚ್ಚುಕಮ್ಮಿ ಸಮ ಇದ್ದರೆ ಜಾಯಿಂಟ್ ಕೆಟ್ಟಿದೆ. 1550ರಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಅಲ್ಲಿ ಬಾಗಿದೆ. ಹೊಸ ಡ್ರಾಪ್‌ಗೆ ಜಿ.657ಎ2 ಫೈಬರ್ ಕೇಳಿ ತೆಗೆದುಕೊಳ್ಳಿ, ಅದು 7.5 ಮಿ.ಮೀ. ತ್ರಿಜ್ಯದ ಬಾಗನ್ನೂ ತಡೆಯುವಂತೆ ಮಾಡಿದ್ದು.

ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಎರಡು ಮಾತು. ಆಪ್ಟಿಸಿಸ್ಟಮ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ ಚಿತ್ರ ಜೋಡಿಸಿ, ಕಣ್ಣಿನಾಕಾರದ ಗ್ರಾಫ್ ತೆಗೆದು, ದೋಷದ ಪ್ರಮಾಣ 10ರ ಘಾತ ಮೈನಸ್ 40 ಬಂತು ಎಂದು ವರದಿ ಬರೆಯುತ್ತೀರಿ. ಕೆಲವೇ ಸಾವಿರ ಬಿಟ್ ಕಳಿಸಿ ಅಂಥ ಸಂಖ್ಯೆಯನ್ನು ಯಾರೂ ಅಳೆಯಲು ಸಾಧ್ಯವಿಲ್ಲ. ಸಾಫ್ಟ್‌ವೇರ್ ಗದ್ದಲದ ಹಂಚಿಕೆಯನ್ನು ಊಹಿಸಿ ಕೊಟ್ಟ ಸಂಖ್ಯೆ ಅದು. ಎಕ್ಸ್‌ಜಿಎಸ್-ಪಾನ್‌ನಲ್ಲಿ ದೋಷ ತಿದ್ದುವ ಕೋಡ್ ಇದೆ. ತಿದ್ದುವ ಮೊದಲು ಸಾವಿರಕ್ಕೆ ಒಂದು ಬಿಟ್ ತಪ್ಪಾದರೂ ನಡೆಯುತ್ತದೆ. ಹಾಗಾಗಿ ಸಿಗ್ನಲ್ ಎಷ್ಟು ಸ್ಪಷ್ಟ ಎಂದು ಹೇಳುವ ಕ್ಯೂ ಫ್ಯಾಕ್ಟರ್ 6 ಬೇಕೆಂದು ಹಠ ಹಿಡಿಯಬೇಡಿ, ಸುಮಾರು 3.1 ಸಾಕು. ಇನ್ನೊಂದು, ಎರಡೂ ತುದಿಗೂ ಒಳ್ಳೆಯ ಲೇಸರ್ ಮತ್ತು ಪ್ರತ್ಯೇಕ ಮಾಡ್ಯುಲೇಟರ್ ಹಾಕುತ್ತೀರಿ. ಮನೆಯ ಓಎನ್‌ಟಿಯಲ್ಲಿ ಸಾಮಾನ್ಯವಾಗಿ ಇರುವುದು ಕರೆಂಟನ್ನೇ ಏರಿಳಿಸಿ ಮಿನುಗಿಸುವ ಅಗ್ಗದ ಲೇಸರ್. ಮಿನುಗುವಾಗ ಅದರ ಬಣ್ಣವೂ ಚೂರು ಅಲುಗುತ್ತದೆ. 1270ರಲ್ಲಿ ಫೈಬರ್‌ನ ಡಿಸ್ಪರ್ಶನ್ (ಬೆಳಕಿನ ಮಿನುಗು ಸಾಗುತ್ತಾ ಚದುರುವುದು) ಕಡಿಮೆ ಇರುವುದರಿಂದ ಇದು ನಡೆಯುತ್ತದೆ. 1577ರಲ್ಲಿ ಕಿಲೋಮೀಟರಿಗೆ, ನ್ಯಾನೋಮೀಟರಿಗೆ ಸುಮಾರು 18 ಪಿಕೋಸೆಕೆಂಡ್ ಚದುರುತ್ತದೆ, ಅದಕ್ಕೇ ಓಎಲ್‌ಟಿ ಕಡೆ ದುಬಾರಿ ಲೇಸರ್. ಈ ವ್ಯತ್ಯಾಸ ನಿಮ್ಮ ಮಾಡೆಲ್‌ನಲ್ಲಿ ಇರಲೇಬೇಕು.

ಮನೆಗಳು ಸರದಿಯಲ್ಲಿ ಮಾತಾಡುವುದರಿಂದ ಬರುವ ವಿಳಂಬ ಬೇರೆ ವಿಷಯ. ಅದಕ್ಕೆ ಒಎಂನೆಟ್++ನಂಥ ಪ್ಯಾಕೆಟ್ ಮಟ್ಟದ ಸಿಮ್ಯುಲೇಟರ್ ಬೇಕು, ಬೆಳಕಿನ ಲೆಕ್ಕದಿಂದ ಅದು ತಿಳಿಯುವುದಿಲ್ಲ.

ಆಪರೇಟರ್‌ಗಳಿಗೆ ಈ ವರ್ಷದಿಂದಲೇ ಶುರು ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಮನೆಯಿಂದ ಆಫೀಸಿಗೆ ಎಷ್ಟು ಬೆಳಕು ತಲುಪುತ್ತಿದೆ, ಮನೆಗೆ ಎಷ್ಟು ತಲುಪುತ್ತಿದೆ ಎನ್ನುವುದು ಓಎಲ್‌ಟಿಯಲ್ಲೇ ಸಿಗುತ್ತದೆ. ಮೇ ಕೊನೆಯಲ್ಲಿ ಒಂದು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ ಅದನ್ನು ತೆಗೆದು ಎಕ್ಸೆಲ್‌ನಲ್ಲಿ ಹಾಕಿ, ಮಾಡೆಲ್ ಹೇಳಿದ ಸಂಖ್ಯೆಯ ಪಕ್ಕ ಇಡಿ. ಒಂದೇ ಮನೆಯಲ್ಲಿ 2 ಡಿಬಿ ವ್ಯತ್ಯಾಸ ಇದ್ದರೆ ಡ್ರಾಪ್ ನೋಡಿ. ಒಂದು ಸ್ಪ್ಲಿಟರ್‌ನ ಎಂಟೂ ಮನೆ ಒಟ್ಟಿಗೆ ಇಳಿದಿದ್ದರೆ ಅದರ ಹಿಂದಿನ ಜಾಯಿಂಟ್ ಬಾಕ್ಸ್ ತೆರೆಯಿರಿ, ನೀರು ಹೋಗಿರಬಹುದು. ಎಲ್ಲ 32 ಮನೆಯೂ ಇಳಿದಿದ್ದರೆ ಫೀಡರ್ ಉದ್ದಕ್ಕೂ ಓಟಿಡಿಆರ್ ಹಾಕಿ, ಸಿಕ್ಕಿದ ಹೊಸ ಸಂಖ್ಯೆಗಳನ್ನು ಮಾಡೆಲ್‌ಗೆ ಸೇರಿಸಿ, ಮುಂದಿನ ಮಳೆಗಾಲಕ್ಕೆ ಎಷ್ಟು ಡಿಬಿ ಉಳಿದಿದೆ ಎಂದು ಮತ್ತೆ ಓಡಿಸಿ ನೋಡಿ.