ಐದು ನಿಮಿಷಕ್ಕೆ ಮೂರು ತಾಸು: ಗ್ರಿಡ್‌ನ ಲೆಕ್ಕ, ಕಾರ್ಖಾನೆಯ ಲೆಕ್ಕ

ಸಬ್‌ಸ್ಟೇಷನ್ನಿನಿಂದ ಕಾರ್ಖಾನೆಗಳಿಗೆ ಕರೆಂಟ್ ಒಯ್ಯುವ ಒಂದು 33 ಕೆ.ವಿ. ಮಾರ್ಗ, ಅಂದರೆ ಫೀಡರ್, ತಿಂಗಳಲ್ಲಿ 12 ಸಲ ಟ್ರಿಪ್ ಆಯಿತು, ಪ್ರತಿ ಸಲವೂ 5 ನಿಮಿಷದಲ್ಲಿ ಕರೆಂಟ್ ಬಂತು ಎಂದು ಹಿಡಿಯಿರಿ. 720 ತಾಸಿನ ತಿಂಗಳಲ್ಲಿ ಹೋದದ್ದು ಒಂದೇ ತಾಸು. ಪೂರೈಕೆಯ ಲಭ್ಯತೆ ಶೇ. 99.86. ಅದೇ ಫೀಡರ್ ಮೇಲೆ, ಒಮ್ಮೆ ನಿಂತರೆ, ಕರೆಂಟ್ ಬಂದ ಮೇಲೆ ಪೂರ್ತಿ ಉತ್ಪಾದನೆಗೆ ಮರಳಲು ಮೂರು ತಾಸು ಬೇಕಾಗುವ ಕಾರ್ಖಾನೆ ಇದ್ದರೆ ಅದು ಕಳೆದುಕೊಂಡದ್ದು 37 ತಾಸು. ಅದರ ಲಭ್ಯತೆ ಶೇ. 95ನ್ನೂ ಮುಟ್ಟುವುದಿಲ್ಲ. ಎರಡು ಲೆಕ್ಕವೂ ಸರಿಯೇ. ಬೆಳಗಾವಿಯ ಫೌಂಡ್ರಿ, ಬಾಗಲಕೋಟೆಯ ಸಿಮೆಂಟ್, ವಿಜಯಪುರವೂ ಸೇರಿ ಮೂರೂ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ವಿದ್ಯುತ್ ಪೂರೈಕೆ ಕುರಿತ ವಾದ ಬಗೆಹರಿಯದಿರುವುದು ಈ ಎರಡು ಸಂಖ್ಯೆಗಳ ನಡುವೆ.

ಇವೆರಡು ಮೊದಲು ಒಂದೇ ಲೆಕ್ಕವಾಗಿದ್ದವು. 1887ರಲ್ಲಿ ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿ ಘಟಪ್ರಭೆಯ ನೀರಿನ ಬಲದಿಂದ ತಿರುಗತೊಡಗಿದಾಗ ನದಿ ಇಳಿದರೆ ನೂಲು ಇಳಿಯುತ್ತಿತ್ತು, ಅಷ್ಟೆ. ಗ್ರಿಡ್ ಬೆಳೆದ ಮೇಲೆ ಗಣಿತ ಕವಲೊಡೆಯಿತು. 1939ರಲ್ಲಿ ಸೋವಿಯತ್ ಗಣಿತಜ್ಞ ಕಾಂಟೊರೊವಿಚ್ ಪ್ಲೈವುಡ್ ತಯಾರಿಕೆಯ ಒಂದು ಪ್ರಶ್ನೆಯಿಂದ ಹೊರಟು ಉತ್ಪಾದನಾ ಯೋಜನೆಯ ರೇಖೀಯ ಲೆಕ್ಕ ಕಟ್ಟಿದರು. 1951ರಲ್ಲಿ ಸ್ವೀಡನ್ನಿನ ಎಂಜಿನಿಯರ್ ವೈಬುಲ್ ಯಂತ್ರದ ಭಾಗಗಳು ಯಾವಾಗ ಮುರಿಯುತ್ತವೆ ಎಂಬುದಕ್ಕೆ ಸಂಭವನೀಯತೆಯ ಸೂತ್ರವನ್ನು ಜನಪ್ರಿಯಗೊಳಿಸಿದರು. ಅತ್ತ ಗ್ರಿಡ್‌ನವರು 1947ರ ಹೊತ್ತಿಗೆ, ಎಷ್ಟು ಮೀಸಲು ಸಾಮರ್ಥ್ಯವಿದ್ದರೆ ಬೇಡಿಕೆ ಪೂರೈಸದೆ ಹೋಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. 1956ರಲ್ಲಿ ಲೋಡ್ ಫ್ಲೋ, ಅಂದರೆ ಜಾಲದ ಯಾವ ಮಾರ್ಗದಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೆಕ್ಕ, ಕಂಪ್ಯೂಟರಿಗೆ ಬಂತು, 1967ರಲ್ಲಿ ನ್ಯೂಟನ್ ವಿಧಾನ ಅದನ್ನು ವೇಗಗೊಳಿಸಿತು, 1970ರಲ್ಲಿ ಮಾಪಕಗಳ ಓದಿನಿಂದ ಇಡೀ ಜಾಲದ ಸ್ಥಿತಿಯನ್ನು ಅಂದಾಜಿಸುವ ಸ್ಟೇಟ್ ಎಸ್ಟಿಮೇಶನ್ ಸೇರಿತು. ಕಾರ್ಖಾನೆಯ ಮಾದರಿಯಲ್ಲಿ ವಿದ್ಯುತ್ ಸದಾ ಇರುತ್ತದೆ. ಗ್ರಿಡ್‌ನ ಮಾದರಿಯಲ್ಲಿ ಕಾರ್ಖಾನೆ ಎಂದರೆ ನಕ್ಷೆಯ ಮೇಲೆ ಇಷ್ಟು ಮೆಗಾವ್ಯಾಟ್ ಎಂಬ ಒಂದು ಬಾಣ.

ನಮ್ಮ ಕಡೆ ಈ ಗಣಿತ ಬಹುಕಾಲ ಪುಸ್ತಕದಲ್ಲೇ ಉಳಿಯಿತು. ಕೊರತೆಯ ದಶಕಗಳಲ್ಲಿ, ಯಾವ ಘಟಕದಿಂದ ಅಗ್ಗವಾಗಿ ತೆಗೆಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲವನ್ನೂ ಓಡಿಸಿ ಯಾರದನ್ನು ಕತ್ತರಿಸುವುದು ಎಂಬುದೇ ನಿತ್ಯದ ಲೆಕ್ಕ. 2003ರಲ್ಲಿ ದಕ್ಷಿಣ ಗ್ರಿಡ್‌ಗೆ ಲಭ್ಯತಾ ಆಧಾರಿತ ದರ ಬಂದು, ಬೇಡಿಕೆಗೆ ಪೂರೈಕೆ ಸಾಲದೆ ಆವರ್ತನ ಬಿದ್ದಾಗ ಹೆಚ್ಚು ಎಳೆದವರಿಗೆ ದಂಡ ಬಿದ್ದ ಮೇಲೆ ಶಿಸ್ತು ಮೂಡಿತು. ದಿನವನ್ನು 15 ನಿಮಿಷದ 96 ತುಂಡು ಮಾಡಿ ಮುಂಚಿತವಾಗಿ ವೇಳಾಪಟ್ಟಿ ಕೊಡುವುದು ರೂಢಿಯಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗದಿಂದ ದಕ್ಷಿಣ ಗ್ರಿಡ್ ದೇಶದ ಉಳಿದ ಗ್ರಿಡ್‌ ಜೊತೆ ಒಂದೇ ಆವರ್ತನಕ್ಕೆ ಕೂಡಿಕೊಂಡಿತು.

ಆಮೇಲೆ ಕಷ್ಟ ಬೇರೆ ರೂಪದಲ್ಲಿ ಬಂತು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಕಲ್ಲಿದ್ದಲು ಘಟಕವನ್ನು ಸಾಮಾನ್ಯವಾಗಿ ಶೇ. 55ಕ್ಕೆ, ಅಂದರೆ ಸುಮಾರು 440 ಮೆಗಾವ್ಯಾಟಿಗೆ ಇಳಿಸಬಹುದು. ಅದಕ್ಕೂ ಕೆಳಗೆ ಹೋಗಬೇಕೆಂದರೆ ಆರಿಸಬೇಕು, ಆರಿಸಿದರೆ ಮತ್ತೆ ಹೊತ್ತಿಸಲು ಹಲವು ತಾಸು. ಮಧ್ಯಾಹ್ನ ಸೋಲಾರ್ ಉಕ್ಕುತ್ತದೆಂದು ನಿಲ್ಲಿಸಿದರೆ ಸಂಜೆಗೆ ಅದು ಕೈಗೆ ಸಿಗದು. ಹೀಗಾಗಿ ವೆಚ್ಚದ ನುಣುಪಾದ ಗೆರೆ ಸಾಲುವುದಿಲ್ಲ. ಘಟಕ ಓಡುತ್ತಿದೆಯೇ ಎಂಬುದಕ್ಕೆ ಹೌದು–ಇಲ್ಲ ಎಂಬ ಚರಾಂಶಗಳು ಬೇಕು. ಆಲಮಟ್ಟಿ ಅಣೆಕಟ್ಟಿನ 290 ಮೆಗಾವ್ಯಾಟ್ ಜಲವಿದ್ಯುತ್ ಕೂಡ ಪಟ್ಟಿಯಲ್ಲಿ ವರ್ಷವಿಡೀ ಇರುತ್ತದೆ, ಆದರೆ ಮಳೆಗಾಲದ ಹೊರಹರಿವಿನಲ್ಲಿ ಸಿಗುವುದೇ ಬೇರೆ, ಬೇಸಿಗೆಯಲ್ಲಿ ಸಿಗುವುದೇ ಬೇರೆ.

ಎರಡೂ ಲೆಕ್ಕ ಮತ್ತೆ ಒಂದೇ ಆವರಣದೊಳಗೆ ಬಂದದ್ದು ಸಕ್ಕರೆ ಕಾರ್ಖಾನೆಗಳು ಸಹವಿದ್ಯುತ್ ಉತ್ಪಾದನೆಗೆ ಇಳಿದಾಗ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಘಟಕ ತೆಗೆದುಕೊಳ್ಳಿ. ತಾಸಿಗೆ ಸುಮಾರು 208 ಟನ್ ಕಬ್ಬು, ಅದರಲ್ಲಿ ಶೇ. 29ರಷ್ಟು ಬಗಾಸ್, ಅಂದರೆ ರಸ ಹಿಂಡಿದ ಸಿಪ್ಪೆ: 60 ಟನ್. ಅರ್ಧದಷ್ಟು ತೇವವಿರುವ ಬಗಾಸ್ ಟನ್ನಿಗೆ 2.2 ಟನ್ ಉಗಿ ಕೊಟ್ಟರೆ ತಾಸಿಗೆ 132 ಟನ್. ರಸ ಕಾಯಿಸಲು, ಬತ್ತಿಸಲು, ಸಕ್ಕರೆ ಹರಳುಗಟ್ಟಿಸುವ ಪ್ಯಾನ್‌ಗಳಿಗೆ ಬೇಕಾಗುವುದು ಕಬ್ಬಿನ ತೂಕದ ಶೇ. 44, ಅಂದರೆ 92 ಟನ್. ಉಳಿದ 40 ಟನ್ ಟರ್ಬೈನ್ ತಿರುಗಿಸಿ ಕಂಡೆನ್ಸರ್ ಕಡೆಗೆ, ಅದು ಕರೆಂಟಿಗಷ್ಟೇ. ಎಲ್ಲ ಸೇರಿ 22–23 ಮೆಗಾವ್ಯಾಟ್ ಹುಟ್ಟಬಹುದು. ಸ್ವಂತ ಬಳಕೆ 7ರ ಆಸುಪಾಸು, ಮಿಕ್ಕದ್ದು ಗ್ರಿಡ್‌ಗೆ.

ಈಗ ಬಾಯ್ಲರ್. 140 ಟನ್ನಿನದು ಒಂದೋ, 70 ಟನ್ನಿನವು ಎರಡೋ? ಪ್ರತಿ ಬಾಯ್ಲರ್ ಶೇ. 5ರಷ್ಟು ಸಮಯ ಕೆಟ್ಟಿರುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಸರಾಸರಿ ಉಗಿ ಎರಡರಲ್ಲೂ 133 ಟನ್. ಸರಾಸರಿ ನೋಡಿ ಖರೀದಿಸಿದರೆ ಒಂದೇ ದೊಡ್ಡದು ಗೆಲ್ಲುತ್ತದೆ, ಬೆಲೆ ಕಡಿಮೆ. ಆದರೆ 150 ದಿನದ ಹಂಗಾಮಿನ 3,600 ತಾಸಿಗೆ ಹರಡಿ ನೋಡಿ. ಒಂದೇ ಇದ್ದರೆ 180 ತಾಸು ಗಾಣ ಪೂರ್ತಿ ಬಂದ್. ಎರಡಿದ್ದರೆ ಪೂರ್ತಿ ಬಂದ್ ಆಗುವುದು 9 ತಾಸು ಮಾತ್ರ. 342 ತಾಸು ಒಂದೇ ಬಾಯ್ಲರ್ ಓಡುತ್ತದೆ. ಆಗ ಗ್ರಿಡ್‌ಗೆ ಮಾರಾಟ ಹೆಚ್ಚುಕಡಿಮೆ ನಿಂತರೂ 92ಕ್ಕೆ 70 ಟನ್ ಉಗಿ ಇರುವುದರಿಂದ ಮುಕ್ಕಾಲು ಪಾಲು ನುರಿಸುವಿಕೆ ಸಾಗುತ್ತದೆ. ಕಟಾವಾದ ಕಬ್ಬು ಯಾರ್ಡಿನಲ್ಲಿ ಒಣಗಿ ಇಳುವರಿ ಕುಸಿಯುವುದನ್ನು ನೋಡಿದವರಿಗೆ ಈ ಮುಕ್ಕಾಲಿನ ಬೆಲೆ ಹೇಳಬೇಕಿಲ್ಲ.

ಆ 9 ತಾಸನ್ನೂ ಪೂರ್ತಿ ನಂಬಬಾರದು. ಎರಡೂ ಬಾಯ್ಲರ್ ಸ್ವತಂತ್ರವಾಗಿ ಕೆಡುತ್ತವೆ ಎಂದು 0.05ನ್ನು 0.05ರಿಂದ ಗುಣಿಸಿದ್ದೇವೆ. ನಿಜದಲ್ಲಿ ಎರಡಕ್ಕೂ ಬಗಾಸ್ ಒಯ್ಯುವ ಕನ್ವೇಯರ್ ಒಂದೇ, ನೀರು ಶುದ್ಧೀಕರಿಸುವ ಘಟಕ ಒಂದೇ. ಅಕಾಲಿಕ ಮಳೆಗೆ ಬಗಾಸ್ ರಾಶಿ ತೊಯ್ದರೆ ಎರಡೂ ಕುಲುಮೆ ಒಟ್ಟಿಗೇ ಮಂಕಾಗುತ್ತವೆ. ಕಾರ್ಖಾನೆಗೆ ಎರಡು ಫೀಡರ್ ಇದೆ ಎಂಬ ಭರವಸೆಯೂ ಇಂಥದ್ದೇ: ಎರಡೂ ಒಂದೇ ಸಬ್‌ಸ್ಟೇಷನ್ನಿನಿಂದ, ಒಂದೇ ಕಂಬಗಳ ಮೇಲೆ ಬಂದರೆ ಮೇ ತಿಂಗಳ ಗಾಳಿಗೆ ಅವು ಎರಡಲ್ಲ. ವಿಶ್ವಾಸಾರ್ಹತೆಯ ವರದಿಗಳಲ್ಲಿ ಈ ಗುಣಾಕಾರದಷ್ಟು ಸಲೀಸಾಗಿ ದಾಟಿಹೋಗುವ ತಪ್ಪು ಬೇರೊಂದಿಲ್ಲ.

ಗ್ರಿಡ್ ಕಡಿದ ಕ್ಷಣದಲ್ಲಿ ಏನಾಗುತ್ತದೆ ಎಂಬುದು ಇನ್ನೊಂದು ಮಾದರಿ. ಇಲ್ಲಿ ತಾಸುಗಳಲ್ಲ, ಮಿಲಿಸೆಕೆಂಡುಗಳು. ಹೊರಗೆ ಹೋಗುತ್ತಿದ್ದ 15 ಮೆಗಾವ್ಯಾಟಿಗೆ ದಿಢೀರನೆ ದಾರಿ ಇಲ್ಲವಾದಾಗ ಟರ್ಬೈನ್ ವೇಗ ಏರುತ್ತದೆ. ವೇಗ ನಿಯಂತ್ರಿಸುವ ಗವರ್ನರ್ ಉಗಿ ಕವಾಟ ಮುಚ್ಚಿ, ಗ್ರಿಡ್ ಜೊತೆ ಹೊರೆ ಹಂಚಿಕೊಳ್ಳುವ ಡ್ರೂಪ್ ಕ್ರಮ ಬಿಟ್ಟು ಒಂಟಿ ಓಟದ ಕ್ರಮಕ್ಕೆ ಹೊರಳಬೇಕು. ಕಂಡೆನ್ಸರ್ ಕಡೆಯ ಉಗಿ ಇಳಿಸಿ ಪ್ಯಾನ್‌ಗಳ ಉಗಿ ಉಳಿಸಿಕೊಳ್ಳಬೇಕು. ಗ್ರಿಡ್‌ನಲ್ಲಿ ದೋಷವಿದ್ದರೆ ಅದನ್ನು ಗುರುತಿಸುವ ರಿಲೇ ಸುಮಾರು 200 ಮಿಲಿಸೆಕೆಂಡಿನೊಳಗೆ ಬ್ರೇಕರ್ ತೆರೆದು ಕಾರ್ಖಾನೆಯನ್ನು ದ್ವೀಪವಾಗಿಸಬೇಕು. ತಡವಾದರೆ ಹೊರಗಿನ ದೋಷ ಒಳಗಿನ ಮೋಟಾರುಗಳನ್ನೂ ಬೀಳಿಸುತ್ತದೆ. ರಿಲೇ ತೀರಾ ಚುರುಕಾದರೆ ಸಣ್ಣ ಅಲುಗಾಟಕ್ಕೂ ಬೇರ್ಪಟ್ಟು, ಮಾರಾಟದ ವೇಳಾಪಟ್ಟಿ ತಪ್ಪಿ ದಂಡ. ಕಾರ್ಖಾನೆ ಕತ್ತಲಾದರೆ ಮತ್ತೆ ಎಬ್ಬಿಸುವ ಕ್ರಮವಿದು: ಮೊದಲು ಬಾಯ್ಲರಿಗೆ ನೀರು ಕೊಡುವ ಫೀಡ್ ಪಂಪ್, ಆಮೇಲೆ ಹೊಗೆ ಎಳೆಯುವ ಐ.ಡಿ. ಫ್ಯಾನ್, ಗಾಳಿ ತಳ್ಳುವ ಎಫ್.ಡಿ. ಫ್ಯಾನ್, ಕೊನೆಗೆ ಗಾಣ. ಅಷ್ಟರಲ್ಲಿ ಬಿಸಿ ರಸದಲ್ಲಿ ಸುಕ್ರೋಸ್ ಒಡೆಯುತ್ತಿರುತ್ತದೆ, ಪ್ಯಾನಿನಲ್ಲಿದ್ದದ್ದು ಗಟ್ಟಿಯಾಗುತ್ತಿರುತ್ತದೆ.

ಇತರ ಉದ್ಯಮಗಳಿಗೂ ಇಂಥದೇ ಮಿತಿಗಳಿವೆ. ಬೆಳಗಾವಿಯ ಫೌಂಡ್ರಿಗಳ ಇಂಡಕ್ಷನ್ ಕುಲುಮೆಗೆ ಕರಗಿಸುವ ಕರೆಂಟ್ ಹೋದರೂ ಕಾಯಿಲ್‌ಗೆ ತಂಪು ನೀರು ನಿಲ್ಲಬಾರದು. ಅದಕ್ಕೆಂದೇ ಮೇಲಿನ ಟ್ಯಾಂಕು, ಡೀಸೆಲ್ ಪಂಪು. ಸಿಮೆಂಟಿನ ತಿರುಗುವ ಕುಲುಮೆ, ಅಂದರೆ ಕಿಲ್ನ್, ನಿಂತಲ್ಲೇ ನಿಂತರೆ ಬಿಸಿಗೆ ಅದರ ಹೊರಕವಚ ಬಾಗುತ್ತದೆ, ಸಹಾಯಕ ಡ್ರೈವಿನಿಂದ ತಿರುಗಿಸುತ್ತಲೇ ಇರಬೇಕು.

ಇಷ್ಟೆಲ್ಲ ತೂಗುವ ಘಟನೆಗಳಲ್ಲಿ ಬಹಳಷ್ಟು ಸಾರ್ವಜನಿಕ ಸೂಚ್ಯಂಕಗಳಿಗೆ ಬರುವುದೇ ಇಲ್ಲ. ಅಡಚಣೆಯ ಸರಾಸರಿ ಅವಧಿ ಲೆಕ್ಕ ಹಾಕುವಾಗ ಕೆಲವೇ ನಿಮಿಷದ ಕಡಿತಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ವೋಲ್ಟೇಜ್ ಕುಸಿತವಂತೂ ಆ ಲೆಕ್ಕಕ್ಕೇ ಸೇರದು. ಸಬ್‌ಸ್ಟೇಷನ್ನಿನಲ್ಲಿ ಫೀಡರ್‌ಗಳೆಲ್ಲ ಕೂಡುವ ಅದೇ ಬಸ್‌ಬಾರಿನ ಪಕ್ಕದ ಫೀಡರಿನಲ್ಲಿ, ಎಲ್ಲೋ ಕಬ್ಬಿನ ಗದ್ದೆಯ ಮೇಲೆ ತಂತಿ ತಾಗಿದರೆ ಅಲ್ಲಿನ ಬ್ರೇಕರ್ ತೆರೆಯುವ 100–200 ಮಿಲಿಸೆಕೆಂಡಿನಲ್ಲಿ ನಿಮ್ಮ ವೋಲ್ಟೇಜ್ ಅರ್ಧಕ್ಕಿಳಿಯಬಹುದು. ನಿಮ್ಮ ಫೀಡರ್ ಟ್ರಿಪ್ ಆಗಿಲ್ಲ, ಆದ್ದರಿಂದ ಸಬ್‌ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಏನೂ ಇಲ್ಲ. ಕಾರ್ಖಾನೆಯ ರಿಜಿಸ್ಟರಿನಲ್ಲಿ ‘ಪವರ್ ಫೇಲ್ಯೂರ್’ ಎಂದಷ್ಟೇ ಇದೆ. ಇವೆರಡನ್ನೂ ತಂದು ಜೋಡಿಸುವ ಮಾದರಿ ಎಷ್ಟೇ ಸೊಗಸಾಗಿದ್ದರೂ ಜೋಡಿಸಲು ಸಾಮಾನು ಇಲ್ಲ.

ಕುಸಿತದ ಆಳ, ಅವಧಿ, ಮೊದಲು ಬಿದ್ದ ಮೋಟಾರು, ಪೂರ್ತಿ ಉತ್ಪಾದನೆಗೆ ಮರಳಿದ ಹೊತ್ತು: ಈ ನಾಲ್ಕು ಕಾಲಂ ಒಂದು ಹಂಗಾಮು ತುಂಬಿಸಿದರೆ ಚಿತ್ರ ಬದಲಾಗುತ್ತದೆ. ಎಷ್ಟೋ ಕಡೆ ಮೊದಲು ಬೀಳುವುದು ದೊಡ್ಡ ಮೋಟಾರಲ್ಲ, ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದಕ್ಕೆ ಕರೆಂಟ್ ಜೋಡಿಸಿ ಹಿಡಿಯುವ ಸ್ವಿಚ್, ಅಂದರೆ ಎ.ಸಿ. ಕಂಟ್ಯಾಕ್ಟರ್. ವೋಲ್ಟೇಜ್ ಶೇ. 50–60ಕ್ಕಿಂತ ಇಳಿದರೆ ಕರೆಂಟಿನ ಒಂದೆರಡು ಆವರ್ತದಲ್ಲೇ, ಅಂದರೆ 20–40 ಮಿಲಿಸೆಕೆಂಡಿನಲ್ಲೇ, ಅದು ಕೈಬಿಡುತ್ತದೆ. ಫೀಡ್ ಪಂಪ್ ಮತ್ತು ಫ್ಯಾನ್‌ಗಳ ಕಂಟ್ರೋಲ್ ಸರ್ಕ್ಯೂಟನ್ನು ಯು.ಪಿ.ಎಸ್. ಮೇಲೆ ಹಾಕುವುದು ಇನ್ನೊಂದು ಫೀಡರ್ ಎಳೆಸುವುದಕ್ಕಿಂತ ಎಷ್ಟೋ ಅಗ್ಗ. ಆದರೆ ಎಲ್ಲವನ್ನೂ ಹಾಗೆ ಹಿಡಿದಿಟ್ಟರೆ ವೋಲ್ಟೇಜ್ ಮರಳುವಾಗ ಎಲ್ಲ ಮೋಟಾರೂ ಒಟ್ಟಿಗೇ ಎಳೆದು ಬಸ್‌ಬಾರಿನ ವೋಲ್ಟೇಜನ್ನು ಮತ್ತೆ ಕುಸಿಯಿಸುತ್ತವೆ. ಆದ್ದರಿಂದ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಟ್ಟು ಎಷ್ಟು ಸೆಕೆಂಡಿನ ನಂತರ ಎಬ್ಬಿಸಬೇಕು ಎಂಬ ಪಟ್ಟಿ ಪ್ರತಿ ಕಾರ್ಖಾನೆಗೂ ಬೇರೆಯೇ ಬೇಕು. ಗಾಣದ ಮೋಟಾರುಗಳು ಅದರಲ್ಲಿ ಕೊನೆಯ ಸಾಲಿಗೆ.